ದಾನಕ್ಕೆ ಬಂದ ಗಾಡಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಸುಗುಣಕ್ಕನ ವ್ಯಾಗನ್ ಗಾಡಿಯನ್ನು ಗುದ್ದಿಸಿದವನು ನಾನು. ಸ್ಟೀರಿಂಗ್ ಹಿಡಿದಿದ್ದವರು ಅವರೇ. ಕ್ಲಚ್ಚು, ಬ್ರೇಕು ಎಲ್ಲ ಅವರ ಕಾಲಡಿಯಲ್ಲೇ ಇದ್ದವು. ನಾನು ಮೊದಲನೇ ಮಹಡಿಯ ಬಾಲ್ಕನಿಯಲ್ಲಿ ಹಲ್ಲುಜ್ಜುವ ಬ್ರಷ್ಷು ಹಿಡಿದು ನಿಂತಿದ್ದೆ. ಆದರೂ ಗುದ್ದಿಸಿದ್ದು ನಾನೇ. ಇನ್ನೂ ಖಚಿತವಾಗಿ ಹೇಳಬೇಕೆಂದರೆ, ನನ್ನ ಗಂಟಲು. ನಾನು ಮನಸಾರೆ ಬೈಯಬೇಕಾದ ಒಬ್ಬರು ಮುಂದೆ ಬರುತ್ತಾರೆ. ಅವರ ಸರದಿ ಬರುವವರೆಗೆ ನನ್ನನ್ನು ನಾನೇ ಬೈದುಕೊಂಡು ಬಾಯಿ ಬೆಚ್ಚಗಿಟ್ಟುಕೊಳ್ಳುತ್ತೇನೆ.

ಇದೆಲ್ಲ ಮತ್ತೆ ತಲೆಗೆ ಬಂದದ್ದು ಹೋದ ತಿಂಗಳು, ಗುಡಗಾಂವಿನ ಮಾಲ್ ಒಂದರ ನೆಲಮಾಳಿಗೆಯಲ್ಲಿ. ಹೊಸ ಕಾರೊಂದು ಹಿಂದಕ್ಕೆ ಬರುತ್ತಿತ್ತು. ಗೋಡೆ ಹತ್ತಿರವಾದರೆ ಕುಂಯ್ ಕುಂಯ್ ಅನ್ನುವ ಯಂತ್ರ ಅದರೊಳಗೇ ಇತ್ತು. ಆದರೂ ಸಮವಸ್ತ್ರದ ಮುದುಕನೊಬ್ಬ ಹಿಂದೆ ನಿಂತು, ಅಂಗೈಯಲ್ಲಿ ಗಾಳಿಯನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತ, "ಆನೇ ದೋ, ಆನೇ ದೋ, ಆನೇ ದೋ" ಎಂದು ಹಾಡುತ್ತಿದ್ದ. ಬರಲಿ, ಬರಲಿ ಎಂದು ಅರ್ಥ. ದಿಲ್ಲಿಗೆ ಬಂದ ಮೊದಲ ವಾರ ನನಗೆ ಅದು 'ಆನೆ ದೋ', ಅಂದರೆ ಎರಡು ಆನೆ ಎಂದು ಕೇಳಿಸಿ, ಊರ ತುಂಬ ಎಲ್ಲಿ ನೋಡಿದರೂ ಇಲ್ಲದ ಆನೆಗಳನ್ನು ಯಾಕೆ ಎಣಿಸುತ್ತಾರೆ ಎಂದು ತಲೆ ಕೆರೆದುಕೊಂಡಿದ್ದೆ. ಮುದುಕನ ದನಿ ಕಿವಿಗೆ ಬಿದ್ದದ್ದೇ ಕಾರಿನ ಹೊಗೆ, ಬಿಸಿ ರಬ್ಬರಿನ ವಾಸನೆ ಎಲ್ಲ ಸೇರಿ, ನಾಲ್ಕು ವರ್ಷದ ಹಿಂದಿನ ಸಿಟ್ಟು ನನ್ನ ಎದೆಗೆ ನೇರ ರಿವರ್ಸಿನಲ್ಲಿ ಬಂದು ಗುದ್ದಿತು.

ಎರಡು ಸಾವಿರದ ಐದನೇ ಇಸವಿ. ನಾನು ಎಂ.ಎ. ಓದುವ ನೆಪದಲ್ಲಿ ದಿಲ್ಲಿಯಲ್ಲಿದ್ದೆ. ಆರ್.ಕೆ.ಪುರಂನ ಸರ್ಕಾರಿ ಕ್ವಾರ್ಟರ್ಸಿನಲ್ಲಿ, ತುಮಕೂರು ಕಡೆಯ ಸುಗುಣಕ್ಕನ ಮನೆಯ ಬಾಲ್ಕನಿಯ ಅರ್ಧಕ್ಕೆ ಪ್ಲೈವುಡ್ ಹೊಡೆದು ಮಾಡಿದ ಕೋಣೆ ನನ್ನದು. ಕೇಳಿದವರಿಗೆ ನಾನು ಅವರ ಗಂಡ ನಾಗರಾಜ ಭಾವನ ತಂಗಿಯ ಮಗ. ಭಾವನಿಗೆ ತಂಗಿಯೇ ಇಲ್ಲ. ಕ್ವಾರ್ಟರ್ಸಿನಲ್ಲಿ ಬಾಡಿಗೆಗೆ ಜನ ಇಟ್ಟುಕೊಳ್ಳುವಂತಿಲ್ಲ ಎಂಬ ನಿಯಮಕ್ಕಾಗಿ ಹುಟ್ಟಿದ ತಂಗಿ ಆಕೆ. ನಿಯಮದ ವಿಷಯ ಬಂತಲ್ಲ, ಇನ್ನೊಂದನ್ನೂ ಹೇಳಿಬಿಡುತ್ತೇನೆ: ಅಲ್ಲಿ ವ್ಯಾಪಾರ ಮಾಡುವಂತೆಯೂ ಇಲ್ಲ. ಅಕ್ಕ ಮಾತ್ರ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಅರವತ್ತು ಜನರ ಅನ್ನ, ಹುಳಿ, ಪಲ್ಯ ಮಾಡಿ, ಡಬ್ಬಿಗಳಲ್ಲಿ ತುಂಬಿ, ತಾವೇ ಗಾಡಿ ಓಡಿಸಿಕೊಂಡು ಗುಡಗಾಂವಿನ ಒಂದು ಆಫೀಸಿಗೆ ಕೊಟ್ಟು ಬರುತ್ತಿದ್ದರು. ಅಲ್ಲಿ ಬೆಂಗಳೂರು, ಬೀದರು, ಮಂಗಳೂರು ಎಂದು ನಮ್ಮ ಕಡೆಯ ಹುಡುಗ ಹುಡುಗಿಯರ ದಂಡೇ ಇತ್ತು. ಭಾವ ಒಬ್ಬ ಗುಮಾಸ್ತರು. ಫೈಲು ಬಿಟ್ಟು ಬೇರೇನನ್ನೂ ಮುಂದಕ್ಕೆ ತಳ್ಳಿದವರಲ್ಲ. ಎರಡು ಹೆಣ್ಣುಮಕ್ಕಳ ಕಾಲೇಜು, ಮನೆ ಎಲ್ಲ ನಡೆಯುತ್ತಿದ್ದುದು ಆ ಅರವತ್ತು ಡಬ್ಬಿಗಳ ಮೇಲೆ, ಡಬ್ಬಿಗಳು ನಡೆಯುತ್ತಿದ್ದುದು ಆ ಗಾಡಿಯ ಮೇಲೆ.

ಗಾಡಿ ಕೆನೆ ಬಣ್ಣದ್ದು, ಹಿಂದಕ್ಕೆ ಉದ್ದ ಬಾಲ ಬೆಳೆಸಿಕೊಂಡ ಹಳೇ ವ್ಯಾಗನ್. ಅಂಥದ್ದನ್ನು ಮಾಡಿದ್ದೇವೆಂಬುದನ್ನು ಕಂಪನಿಯೇ ಮರೆತು ವರ್ಷಗಳಾಗಿದ್ದವು. ಹಿಂದಿನ ಸೀಟು ಕಿತ್ತು ಡಬ್ಬಿಗಳ ಸ್ಟ್ಯಾಂಡು ಕೂರಿಸಿದ್ದರು. ಮೂರನೇ ಗೇರಿಗೆ ಬಿದ್ದರೆ ಅದು ಹಾಡುತ್ತಿತ್ತು. 'ಊಂ' ಎಂದು ಹೊಟ್ಟೆಯಲ್ಲಿ ಶುರುವಾಗಿ, ಮೂಗಿಗೆ ಹತ್ತಿ, 'ಞೀಂ' ಎಂದು ಮುಗಿಯುವ ಹಾಡು. ಒಲ್ಲದ ಮನಸ್ಸಿನಿಂದ ಹಾಲು ಬಿಡುವ ಹಸುವಿನ ಹಾಗೆ. ನಾನು ಅದನ್ನು ಎಷ್ಟು ಚೆನ್ನಾಗಿ ಅನುಕರಿಸುತ್ತಿದ್ದೆ ಅಂದರೆ, ಅಡುಗೆಮನೆಯಲ್ಲಿದ್ದ ಅಕ್ಕ "ಅಯ್ಯೋ, ಯಾರೋ ಗಾಡಿ ತಗೊಂಡು ಹೋಗ್ತಿದ್ದಾರೆ!" ಎಂದು ಸೌಟು ಹಿಡಿದೇ ಓಡಿ ಬರುತ್ತಿದ್ದರು. ಅವರು ನನಗಿಟ್ಟ ಹೆಸರು ಗಿಳಿರಾಯ.

ಡಬ್ಬಿ ತುಂಬಿದ ಮೇಲೆ ಹಿಂದಿನದೇನೂ ಕಾಣುತ್ತಿರಲಿಲ್ಲ. ಇಕ್ಕಟ್ಟು ಓಣಿಯಿಂದ ಗಾಡಿಯನ್ನು ಹಿಂದಕ್ಕೆ ತೆಗೆಯಲು ಅಕ್ಕ ನಂಬುತ್ತಿದ್ದುದು ಕನ್ನಡಿಯನ್ನಲ್ಲ, ಚೌಕಿದಾರ ರಾಮ್‌ಧನ್‌ನ ದನಿಯನ್ನು. "ಆನೇ ದೋ ಮೇಡಂಜೀ, ಆನೇ ದೋ, ಥೋಡಾ ಔರ್, ಥೋಡಾ ಔರ್... ಬಸ್ಸ್!" ಆ 'ಬಸ್', ಅಂದರೆ ಸಾಕು ಅನ್ನುವ ಮಾತು, ಬಿದ್ದ ಕ್ಷಣ ಅಕ್ಕನ ಕಾಲು ಬ್ರೇಕಿನ ಮೇಲೆ.

ಮೇ ತಿಂಗಳ ಆ ದಿನ ರಾಮ್‌ಧನ್ ಚಹಾಕ್ಕೆ ಹೋಗಿದ್ದ. ಹಿಂದಿನ ದಿನ ನನ್ನ ಕೋಣೆಯಲ್ಲೇ ಉಳಿದಿದ್ದ ಇಮ್ತಿಯಾಜ್ ಪಕ್ಕದಲ್ಲಿದ್ದ. ಕಲಬುರ್ಗಿಯವನು, ಅದೇ ಗುಡಗಾಂವ್ ಆಫೀಸಿನವನು, ಅಕ್ಕನ ಹುಳಿಗೆ ಜೀವ ಬಿಡುವವನು. ಅವನನ್ನು ನಗಿಸಲೆಂದು ನಾನು ರಾಮ್‌ಧನ್ ದನಿ ತೆಗೆದೆ. "ಆನೇ ದೋ ಮೇಡಂಜೀ, ಆನೇ ದೋ..." ಇಮ್ತಿಯಾಜ್ ನಕ್ಕ. ಅವನು ನಕ್ಕದ್ದಕ್ಕೆ ನಾನು ನಕ್ಕೆ. ನಾಲ್ಕನೇ 'ಆನೇ ದೋ' ಆದ ಮೇಲೆ ಬರಬೇಕಾದ 'ಬಸ್' ನನ್ನ ನಗುವಿನಲ್ಲಿ ಸಿಕ್ಕಿಕೊಂಡು ಹೊರಗೆ ಬರಲಿಲ್ಲ. ಗಾಡಿ ಹೋಗಿ ಸಿಮೆಂಟಿನ ನೀರಿನ ತೊಟ್ಟಿಗೆ ಅಪ್ಪಳಿಸಿತು.

ಹಿಂಬಾಗಿಲು ಚಪಾತಿ ಮಡಚಿದಂತೆ ಮಡಚಿಕೊಂಡಿತ್ತು. ಎಡಗಡೆಯ ಮೂಲೆ ಒಳಗೆ ಹೋಗಿ, ದೀಪ ಒಡೆದು, ಬಂಪರ್ ನೆಲಕ್ಕೆ ಬಿದ್ದಿತ್ತು. ಓಣಿಯ ಉದ್ದಕ್ಕೂ ಹುಳಿ ಹರಿಯಿತು. ಚಹಾದ ಲೋಟದೊಂದಿಗೆ ಓಡಿಬಂದ ರಾಮ್‌ಧನ್ ತನ್ನದೇ ದನಿ ತನಗೆ ಮೋಸ ಮಾಡಿತೆಂಬಂತೆ ಗಂಟಲು ಮುಟ್ಟಿ ನೋಡಿಕೊಳ್ಳುತ್ತಿದ್ದ. ಅಕ್ಕ ಇಳಿದರು. ತೊಟ್ಟಿ ನೋಡಿದರು, ಬಾಗಿಲು ನೋಡಿದರು, ರಾಮ್‌ಧನ್‌ನನ್ನು ನೋಡಿದರು. ಆಮೇಲೆ ನಿಧಾನವಾಗಿ ಕತ್ತೆತ್ತಿ ಬಾಲ್ಕನಿ ನೋಡಿದರು.

"ಇಳಿದು ಬಾರೋ ಗಿಳಿರಾಯ."

ಇಮ್ತಿಯಾಜ್ ನನ್ನ ಕಿವಿಯಲ್ಲಿ, "ಅಷ್ಟೆಲ್ಲಾ ಆನೆ ಕರದಿ, ಒಂದು ಬಸ್ ಕರಿಯೋದು ಮರತಿ ನೋಡು" ಎಂದ. ಅವನಿಗೆ ಹೊಡೆಯಲೂ ಕೈ ಏಳಲಿಲ್ಲ.

ಅಕ್ಕ ನನಗೂ ಹೊಡೆಯಲಿಲ್ಲ. ಹೊಡೆದಿದ್ದರೆ ಅಂದೇ ಮುಗಿಯುತ್ತಿತ್ತು. "ಗಾಡಿ ಸರಿಯಾಗೋವರೆಗೆ ನೀನೇ ನನ್ನ ಹಿಂಬಾಗಿಲು ಕಣೋ" ಎಂದರು. ಅಂದಿನಿಂದ ಬಾಡಿಗೆ ಮಾರುತಿ ವ್ಯಾನಿನಲ್ಲಿ ಡಬ್ಬಿಗಳ ನಡುವೆ ಮಂಡಿ ಮಡಚಿ ಕೂತು, ಯಾವ ಡಬ್ಬಿಯೂ ಉರುಳದಂತೆ ಬೆನ್ನು ಕೊಟ್ಟು ಗುಡಗಾಂವಿಗೆ ಹೋಗುವುದು ನನ್ನ ಕೆಲಸವಾಯಿತು. ಆ ಹೆದ್ದಾರಿಯನ್ನು ಆಗ ಅಗೆದು ಹಾಕಿದ್ದರು. ಲೂ ಅನ್ನುವ ಉರಿಗಾಳಿ ಮಹಿಪಾಲ್‌ಪುರದ ಧೂಳನ್ನೆಲ್ಲ ತಂದು ಹಲ್ಲಿನ ಸಂದಿಗೆ ತುಂಬುತ್ತಿತ್ತು. ಬೆನ್ನಿಗೆ ಬಿಸಿ ಡಬ್ಬಿ, ಮುಖಕ್ಕೆ ಬಿಸಿ ಗಾಳಿ. ಎರಡೂ ಕಡೆ ಬೆಂದ ದೋಸೆ ನಾನು. ಬಾಡಿಗೆ ವ್ಯಾನಿನವನು ಒಂದು ದಿನ ಬಂದರೆ ಒಂದು ದಿನ ಬರುತ್ತಿರಲಿಲ್ಲ. ಆಫೀಸಿನ ಮ್ಯಾನೇಜರು ಗಡಿಯಾರ ತೋರಿಸುತ್ತ, "ಆಂಟಿ, ಊಟ ಹೀಗೇ ತಡವಾದರೆ ನಾನು ಬೇರೆಯವರನ್ನು ನೋಡಬೇಕಾಗುತ್ತೆ" ಎಂದು ಬಹಳ ವಿನಯದಿಂದ ಹೇಳಿದ. ವಿನಯವಾಗಿ ಹೇಳುವವರು ಮಾಡಿಯೇ ತೀರುತ್ತಾರೆ ಎಂದು ಅಕ್ಕನಿಗೆ ಗೊತ್ತಿತ್ತು.

ಆ ಗಾಡಿಗೆ ಹೊಸ ಬಿಡಿಭಾಗ ಸಿಗುತ್ತಿರಲಿಲ್ಲ. ಅದೇ ಜಾತಿಯ ಹಳೇ ಗಾಡಿಯನ್ನು ಹುಡುಕಿ, ಅದರ ಅಂಗ ಕಿತ್ತು ಇದಕ್ಕೆ ಜೋಡಿಸಬೇಕು. ಇನ್ನು ಎರಡನೇ ಒಪ್ಪಿಗೆ: ಆ ಹಳೇ ಗಾಡಿಯನ್ನು ಹುಡುಕಿದವನೂ ನಾನೇ. ಪಕ್ಕದ ಸೆಕ್ಟರಿನಲ್ಲಿ ಪುರುಷೋತ್ತಮ್ ಸಾಹೇಬರು ಅಂತ ಇದ್ದರು. ಯಾವುದೋ ಮಂತ್ರಾಲಯದಲ್ಲಿ ದೊಡ್ಡ ಕುರ್ಚಿ, ನಮ್ಮ ಬಡಾವಣೆಯ ಕನ್ನಡ ಬಳಗದಲ್ಲಿ ಅದಕ್ಕಿಂತ ದೊಡ್ಡ ಕುರ್ಚಿ. ಅವರ ಕ್ವಾರ್ಟರ್ಸಿನ ಮುಂದೆ ಅದೇ ಮಾದರಿಯ, ಇನ್ನೂ ಹಳೆಯ ವ್ಯಾಗನ್ ಒಂದು ನಾಲ್ಕು ವರ್ಷದಿಂದ ಸತ್ತು ಬಿದ್ದಿತ್ತು. ಅದರ ಕೆಳಗೆ ಎರಡು ತಲೆಮಾರಿನ ನಾಯಿಮರಿಗಳು ಕಣ್ಣು ಬಿಟ್ಟಿದ್ದವು. ನಾನು ಹೋಗಿ ಕೈಮುಗಿದು ನಿಂತೆ.

ಸಾಹೇಬರು ಆಕಾಶವಾಣಿಯ ದನಿಯವರು. 'ಕನ್ನಡ' ಎಂಬ ಪದಕ್ಕೆ ಮುಂಚೆ ಒಮ್ಮೆ ಕೆಮ್ಮಿ ಗಂಟಲು ತೊಳೆದುಕೊಳ್ಳುತ್ತಿದ್ದರು, ಪ್ರತಿ ವಾಕ್ಯದ ಕೊನೆಗೆ 'ಅಲ್ಲವೇ?' ಎಂದು ಮೊಳೆ ಹೊಡೆಯುತ್ತಿದ್ದರು. "ಹ್ಹುಂ... ಕನ್ನಡಿಗರಿಗೆ ಕನ್ನಡಿಗರೇ ಆಗಬೇಕು, ಅಲ್ಲವೇ? ತೆಗೆದುಕೊಂಡು ಹೋಗು. ಬಾಗಿಲೋ ಬಂಪರೋ ಏನು ಬೇಕೋ ಕಿತ್ತುಕೊಳ್ಳಿ. ಒಂದು ಪೈಸೆ ಬೇಡ. ನನ್ನ ಪರಿಚಯದ ಗ್ಯಾರೇಜಿದೆ, ಎರಡೂ ಗಾಡಿಗಳನ್ನು ಅಲ್ಲಿಗೇ ಕಳಿಸೋಣ, ನಾನೇ ನಿಂತು ಮಾಡಿಸುತ್ತೇನೆ. ಆದರೆ ಒಂದು ಮಾತು: ತುಕ್ಕು ಹಿಡಿದಿದೆ, ಬಣ್ಣ ಬೇರೆ ಅಂತೆಲ್ಲ ಆಮೇಲೆ ಗೊಣಗಬಾರದು. ದಾನದ ಹಸುವಿನ ಹಲ್ಲು ಎಣಿಸಬಾರದು, ಅಲ್ಲವೇ?"

ಅಲ್ಲವೇ ಅಂದರೆ ಅಲ್ಲವೇ ಅಲ್ಲ ಸಾರ್ ಎಂದು ಹಲ್ಲು ಗಿಂಜಿ, ಹಾರುತ್ತ ಮನೆಗೆ ಬಂದೆ. ಅಕ್ಕ ಸೊಪ್ಪು ಬಿಡಿಸುತ್ತಿದ್ದವರು ಕೈ ನಿಲ್ಲಿಸಲಿಲ್ಲ.

"ಹೋದ ವರ್ಷ ಅವರ ಮಗಳ ಸೀಮಂತಕ್ಕೆ ನಲವತ್ತು ಹೋಳಿಗೆ ಮಾಡ್ಸಿಕೊಂಡು, ನಲವತ್ತನೇದು ಸಣ್ಣದಿದೆ ಅಂದ ಪುಣ್ಯಾತ್ಮ. ಅವರು ಪುಕ್ಕಟೆ ಗಾಡಿ ಕೊಡ್ತಾರಾ?"

"ಅಕ್ಕಾ, ಮನುಷ್ಯ ಬದಲಾಗಲ್ವಾ?"

"ಬದಲಾಗ್ತಾನೆ. ಇನ್ನೂ ಹುಷಾರಾಗ್ತಾನೆ."

ಆದರೆ ನಾನು ಬಿಡಲಿಲ್ಲ. ನನ್ನ ತಪ್ಪು ಬೇಗ ಅಳಿಸಿಹೋಗಬೇಕಿತ್ತು ನನಗೆ. ಮೂರು ದಿನ ಹಿಂದೆ ಬಿದ್ದು, ಸಾಹೇಬರ ದನಿಯಲ್ಲೇ "ಕನ್ನಡಿಗರಿಗೆ ಕನ್ನಡಿಗರೇ" ಎಂದು ಅಣಕಿಸಿ ನಗಿಸಿ, ಅಕ್ಕನಿಂದ ಹೂಂ ಅನ್ನಿಸಿದೆ. ಆ ಹೂಂ ನೆನೆಸಿಕೊಂಡರೆ ಈಗಲೂ ನನ್ನ ನಾಲಿಗೆ ನಾನೇ ಕಚ್ಚಿಕೊಳ್ಳುತ್ತೇನೆ.

ಮೋತಿಬಾಗಿನ ಆಚೆಗಿನ ಆ ಗ್ಯಾರೇಜಿನಲ್ಲಿ ಎರಡು ವ್ಯಾಗನ್ನುಗಳು ಅಕ್ಕಪಕ್ಕ ಮೂರು ವಾರ ಮಲಗಿದವು. ನೋಡಲು ಹೋದರೆ, "ಸಾಬ್ ನೋಡ್ಕೋತಿದ್ದಾರೆ, ನೀವ್ಯಾಕೆ ಬಿಸಿಲಲ್ಲಿ ಬರ್ತೀರಿ" ಎಂದು ಮೇಸ್ತ್ರಿ ತಣ್ಣೀರು ಕೊಟ್ಟು ಕಳಿಸುತ್ತಿದ್ದ. ಜೂನ್ ನಡುವಿಗೆ ಗಾಡಿ ಮನೆಗೆ ಬಂತು. ಮೈಯೆಲ್ಲ ಕೆನೆ, ಹಿಂಬಾಗಿಲು ಮತ್ತು ಎಡ ಮೂಲೆ ಮಾಸಿದ ನೀಲಿ. ಯಾರದೋ ಪ್ಯಾಂಟಿನ ತೇಪೆ ಹಾಕಿಕೊಂಡ ಪಂಚೆ. ಅಕ್ಕ ಬಾಗಿಲು ಎತ್ತಿ, ಇಳಿಸಿ, ಮತ್ತೆ ಎತ್ತಿ ನೋಡಿದರು. ಎಷ್ಟೋ ದಿನದ ಮೇಲೆ ನಕ್ಕರು. ಆ ನಗುವಿಗಾಗಿಯೇ ನನಗೆ ಸಾಹೇಬರ ಮೇಲೆ ಇಷ್ಟು ಸಿಟ್ಟು.

ಮುಂದಿನ ಭಾನುವಾರ ಬಳಗದ ಸಭೆಯಲ್ಲಿ 'ದಾನಿ'ಗಳಿಗೆ ಶಾಲು ಹೊದಿಸಿದರು. ನಲವತ್ನಾಲ್ಕು ಡಿಗ್ರಿ ಬಿಸಿಲಿನಲ್ಲಿ ಉಣ್ಣೆ ಶಾಲು ಹೊದ್ದು, ಬೆವರನ್ನು ಆನಂದಬಾಷ್ಪದಂತೆ ಒರೆಸಿಕೊಳ್ಳುತ್ತ ಸಾಹೇಬರು ಇಪ್ಪತ್ತು ನಿಮಿಷ ತ್ಯಾಗದ ಬಗ್ಗೆ ಮಾತಾಡಿದರು. "ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ. ನಮ್ಮ ಸತ್ತ ಗಾಡಿ ಒಬ್ಬ ಬಡ ಸೋದರಿಯ ಹೊಟ್ಟೆ ಹೊರೆಯಿತು, ಅಲ್ಲವೇ?" ಬಡ ಸೋದರಿಯನ್ನು ವೇದಿಕೆಗೆ ಕರೆದು ನಮಸ್ಕಾರ ಮಾಡಿಸಿದರು. ಸುಗುಣಕ್ಕ ಕೈಮುಗಿದು ಇಳಿದು ಬಂದು ನನ್ನ ಪಕ್ಕ ಕೂತರು. ಅವರ ಕಿವಿ ಕೆಂಪಗಾಗಿತ್ತು. ನಾನು ಚಪ್ಪಾಳೆ ತಟ್ಟುತ್ತಿದ್ದೆ. ತಟ್ಟಿದೆ ಸ್ವಾಮಿ, ಎಲ್ಲರಿಗಿಂತ ಜೋರಾಗಿಯೇ ತಟ್ಟಿದೆ.

ಮೊದಲು ಬದಲಾದದ್ದು ಹಾಡು. ಮೂರನೇ ಗೇರಿಗೆ ಬಿದ್ದರೆ 'ಊಂ...ಞೀಂ' ಇಲ್ಲ, 'ಕರ್ ಕರ್ ಕರ್' ಎಂದು ಗಂಟಲಲ್ಲಿ ಮೂಳೆ ಸಿಕ್ಕಿದ ಸದ್ದು. ಒಂದು ವಾರಕ್ಕೆಲ್ಲ ಗೇರು ತಾನಾಗಿ ಕಳಚಿಕೊಳ್ಳತೊಡಗಿತು. ಅಕ್ಕ ಎಡಗೈಯಲ್ಲಿ ಗೇರಿನ ಕೋಲನ್ನು ಒತ್ತಿ ಹಿಡಿದು, ಬಲಗೈ ಒಂದರಲ್ಲೇ ಸ್ಟೀರಿಂಗ್ ತಿರುಗಿಸುತ್ತ ಹೋಗುತ್ತಿದ್ದರು. ಗ್ಯಾರೇಜಿಗೆ ಹೋಗಿ ಕೇಳಿದರೆ ಮೇಸ್ತ್ರಿ, "ಗುದ್ದಿದ ಝಟ್ಕಾ ಮುಂದಿನವರೆಗೆ ಹೋಗಿರುತ್ತೆ ಜೀ" ಎಂದ. ಬಾಲಕ್ಕೆ ಬಿದ್ದ ಪೆಟ್ಟಿಗೆ ಹಲ್ಲು ಉದುರುವುದೇ? ನಮಗೂ ಹಾಗನ್ನಿಸಿತು, ಆದರೆ ದಾನ ತಗೊಂಡವರ ಬಾಯಿಗೆ ಬೀಗ ಇರುತ್ತದೆ.

ಆಗಸ್ಟಿನ ಮೊದಲ ದೊಡ್ಡ ಮಳೆಯ ದಿನ ರಜೋಕ್ರಿಯ ಹತ್ತಿರ, ಮೊಣಕಾಲುದ್ದ ನೀರಿನಲ್ಲಿ, ಗಾಡಿ ಕೊನೆಯ ಸಲ ಕರ್ರೆಂದು ನಿಂತಿತು. ಹಿಂದೆ ಟ್ರಕ್ಕುಗಳ ಹಾರ್ನು. ನಾನು ತಳ್ಳಿದೆ. ನೀರಿಗೆ ಬಿದ್ದೆ, ಎದ್ದು ಮತ್ತೆ ತಳ್ಳಿದೆ. ಅರವತ್ತು ಡಬ್ಬಿ ಆಫೀಸು ಮುಟ್ಟಿದ್ದು ಮೂರೂವರೆಗೆ. ವಿನಯದ ಮ್ಯಾನೇಜರು ಡಬ್ಬಿಗಳನ್ನು ವಾಪಸು ಕಳಿಸಿದ. "ಇನ್ನು ಒಂದೇ ಒಂದು ಸಲ, ಆಂಟಿ. ಆಮೇಲೆ ಬೇಜಾರು ಮಾಡ್ಕೋಬಾರದು."

ವಾಪಸು ಬಂದ ಊಟವನ್ನು ಅಕ್ಕ ಹೆದ್ದಾರಿಯ ಕೆಲಸಗಾರರಿಗೆ ಬಡಿಸಿದರು. ಯಾರಿಗೂ ಗೊತ್ತಾಗದಂತೆ ಸೆರಗಿನಲ್ಲಿ ಒಮ್ಮೆ ಕಣ್ಣು ಒತ್ತಿಕೊಂಡರು. ಅನುಕರಿಸಲಾಗದ್ದು ಅಂತ ಏನಾದರೂ ಇದ್ದರೆ ಅದೊಂದೇ.

ಮಾರನೇ ದಿನ ಅಕ್ಕ, ಇಮ್ತಿಯಾಜ್, ನಾನು ಮೂವರೂ ಗಾಡಿಯನ್ನು ಹಗ್ಗ ಕಟ್ಟಿ ಮಾಯಾಪುರಿಗೆ ಎಳೆಸಿಕೊಂಡು ಹೋದೆವು. ಮಾಯಾಪುರಿ ಅಂದರೆ ದಿಲ್ಲಿಯ ಗಾಡಿಗಳೆಲ್ಲ ಸತ್ತ ಮೇಲೆ ಸೇರುವ ಲೋಕ. ಓಣಿಯ ಎರಡೂ ಬದಿಗೆ ಎದೆಮಟ್ಟ ರಾಶಿ: ಇಲ್ಲಿ ಬರೀ ಬಾಗಿಲು, ಅಲ್ಲಿ ಬರೀ ದೀಪ, ಆಚೆ ಕಿತ್ತ ಎಂಜಿನ್ನುಗಳು. ಮಳೆ ನಿಂತ ನೆಲದ ಮೇಲೆ ಆಯಿಲ್ಲು ಕಾಮನಬಿಲ್ಲಾಗಿ ಹರಡಿತ್ತು. ಬಲ್ಬೀರ್ ಪಾಜಿ ಅಲ್ಲಿ ಹಳೇ ಸಾಮಾನು ಮಾರುವ, ಕೈಯಾರೆ ರಿಪೇರಿಯನ್ನೂ ಮಾಡುವ ಸರ್ದಾರ್ಜಿ. ಮೂರು ವರ್ಷದ ಹಿಂದೆ ಕಲ್ಲು ಬಡಿದು ಅಕ್ಕನ ಗೇರ್‌ಬಾಕ್ಸಿನ ಕವಚ ಸೀಳಿದಾಗ ಬೆಸುಗೆ ಹಾಕಿಕೊಟ್ಟವರು. ಗಾಡಿಯ ಕೆಳಗೆ ತೂರಿಕೊಂಡರು. ಸ್ವಲ್ಪ ಹೊತ್ತು ಬರೀ ಕಾಲು ಕಾಣುತ್ತಿದ್ದವು. ಆಮೇಲೆ ಕೆಳಗಿನಿಂದಲೇ ದನಿ ಬಂತು.

"ಬೆಹೆನ್‌ಜೀ, ನಾನು ಬೆಸೆದ ಡಬ್ಬ ಎಲ್ಲಿ? ಇದು ನಿಮ್ಮದಲ್ಲ."

"ಅಂದ್ರೆ?"

"ಅಂದ್ರೆ ಇದು ಬೇರೆ ಗಾಡೀದು. ನನ್ನ ಬೆಸುಗೆ ನನಗೆ ಗೊತ್ತಿಲ್ವಾ? ಇದರ ಮೇಲೆ ಗೆರೇನೇ ಇಲ್ಲ."

ಬಿಚ್ಚಿ ತೋರಿಸಿದರು. ಮೂರನೇ ಗೇರಿನ ಚಕ್ರದ ಹಲ್ಲುಗಳು ಸವೆದು, ಒಂದು ಬದಿಯಲ್ಲಿ ಪೂರಾ ಉದುರಿ, ಬೊಚ್ಚು ಬಾಯಿಯ ಮುದುಕಿಯಂತೆ ಕಂಡಿತು. ಪಾಜಿ ಅದನ್ನು ಅಂಗೈ ಮೇಲಿಟ್ಟುಕೊಂಡು ತಮ್ಮಷ್ಟಕ್ಕೆ ಗೊಣಗಿದರು. "ಈ ಮಾಡೆಲ್ಲಿನ ಬಾಗಿಲು ಬೇಕಾ, ಹತ್ತು ಕೊಡ್ತೀನಿ, ಅಲ್ಲಿ ಬಿದ್ದಿವೆ. ಗೇರ್‌ಬಾಕ್ಸ್ ಮಾತ್ರ ಇಡೀ ದಿಲ್ಲೀಲಿ ಇಲ್ಲ. ಎರಡು ವರ್ಷದಿಂದ ಒಬ್ಬರು ಮದ್ರಾಸಿ ಸಾಬ್ ಇದಕ್ಕೇ ಬಂದು ಬಂದು ಹೋಗ್ತಿದ್ದರು. ಜೂನ್‌ನಲ್ಲಿ ಬಂದವರು ಗೇರ್‌ಬಾಕ್ಸ್ ಬೇಡ ಅಂದ್ರು, ಬರೀ ಒಂದು ಹಿಂಬಾಗಿಲು ತಗೊಂಡು ಹೋದ್ರು."

ನಮ್ಮನ್ನೆಲ್ಲ ಮದ್ರಾಸಿ ಅನ್ನುವ ದಿಲ್ಲಿಯ ಚಾಳಿಗೆ ಬೇರೆ ದಿನವಾಗಿದ್ದರೆ ಜಗಳ ಆಡುತ್ತಿದ್ದೆ. ಅಂದು ಅದಕ್ಕೆ ಪುರುಸೊತ್ತಿರಲಿಲ್ಲ. ಗಂಟಲನ್ನು 'ಹ್ಹುಂ' ಎಂದು ತೊಳೆದು, ಸಾಹೇಬರ ದನಿ ತೆಗೆದು, "ಭಾಯಿ ಸಾಬ್, ಗೇರ್‌ಬಾಕ್ಸ್ ಮಿಲೇಗಾ?" ಎಂದೆ.

ಪಾಜಿ ಬೆಚ್ಚಿ ಹಿಂತಿರುಗಿ ನೋಡಿದರು. "ಅವರೇ! ಎಲ್ಲಿ?"

ಯಾರೂ ಇರಲಿಲ್ಲ. ನಾನಿದ್ದೆ. ಇಮ್ತಿಯಾಜ್ ಇದ್ದ. ಅಕ್ಕ ಇದ್ದರು. ಎಲ್ಲರಿಗೂ ಎಲ್ಲವೂ ಅರ್ಥವಾಗಿತ್ತು. ಇಡೀ ದಿಲ್ಲಿಯಲ್ಲಿ ಆ ಗೇರ್‌ಬಾಕ್ಸ್ ಇದ್ದದ್ದು ಅಕ್ಕನ ಗಾಡಿಯಲ್ಲಿ ಮಾತ್ರ. ಸಾಹೇಬರು ಮೂಲೆಗೊಂದು ಸಿಗುವ ಬಾಗಿಲು ಕೊಟ್ಟು, ಶಾಲು ಹೊದಿಸಿಕೊಂಡು, ಅದನ್ನು ಕಿತ್ತುಕೊಂಡಿದ್ದರು. ನಿಜಕ್ಕೂ ದಾನ ಕೊಟ್ಟ ಗಾಡಿ ಅವರದಲ್ಲ, ನಮ್ಮದು. ಹೊಟ್ಟೆಯೊಳಗಿನದನ್ನು ಕೊಟ್ಟದ್ದು ಅಕ್ಕ, ಅದೂ ಕೊಟ್ಟೆನೆಂದು ಗೊತ್ತೇ ಇಲ್ಲದೆ. ಮೇಲಿಂದ ವೇದಿಕೆ ಹತ್ತಿ ನಮಸ್ಕಾರ ಬೇರೆ!

"ಪೊಲೀಸ್ ಹತ್ರ ಹೋಗಾಣ" ಎಂದ ಇಮ್ತಿಯಾಜ್.

"ಹೋಗಿ ಏನಂತ ಹೇಳಲಿ? ಸರ್ಕಾರಿ ಕ್ವಾರ್ಟರ್ಸಲ್ಲಿ ಮೆಸ್ ನಡೆಸ್ತೀನಿ, ಅದರ ಗಾಡಿ ಅಂತಲಾ? ಅವರೊಂದು ಚೀಟಿ ಬರೆದರೆ ನಮ್ಮ ಮನೆ ಹೋಗುತ್ತೆ ಕಣಪ್ಪಾ."

ಸಾಹೇಬರ ಧೈರ್ಯದ ಬೇರು ಅಲ್ಲಿತ್ತು. ಕೇಳಲಾರದವರಿಂದಲೇ ಕದ್ದಿದ್ದರು. ನಾನು ಏನೇನೋ ಕೂಗಾಡಿದೆ, ಅವರ ಮನೆ ಮುಂದೆ ಹೋಗಿ ಅವರದೇ ದನಿಯಲ್ಲಿ ಅವರ ಮಾನ ಹರಾಜು ಹಾಕುತ್ತೇನೆ ಎಂದೆ. ಅಕ್ಕ ಬೊಚ್ಚು ಗೇರನ್ನು ಹಳೇ ಪೇಪರಿನಲ್ಲಿ ಸುತ್ತಿ ಕೈಚೀಲಕ್ಕೆ ಹಾಕಿಕೊಂಡರು, ಅಷ್ಟೇ. ಪಾಜಿ ಇದ್ದುದನ್ನೇ ಹೇಗೋ ಜೋಡಿಸಿ, "ಮೂರನೇ ಗೇರ್ ಇದೆ ಅನ್ನೋದನ್ನ ಮರೆತುಬಿಡಿ, ಎರಡರಿಂದ ನಾಲ್ಕಕ್ಕೆ ಹಾರಿಸಿ. ಒಂದು ತಿಂಗಳು ಎಳೆಯುತ್ತೆ" ಎಂದರು. ಆ ತಿಂಗಳು ನಾವು ಗುಡಗಾಂವಿಗೆ ಹೋದದ್ದು ಮೆಟ್ಟಿಲು ತಪ್ಪಿದ ಏಣಿ ಹತ್ತಿದ ಹಾಗೆ.

ಗಣೇಶನ ಹಬ್ಬ ಬಂತು. ಸಮುದಾಯ ಭವನದ ಅಂಗಳದಲ್ಲಿ ಬಳಗದವರೆಲ್ಲ ಸೇರಿದ್ದರು. ಗೇಟಿನ ಹತ್ತಿರ ಗಾಡಿ ನಿಲ್ಲಿಸುವ ಜಾಗ ತೋರಿಸುವ ಕೆಲಸ ನನಗೆ ಹಚ್ಚಿದ್ದರು. ಹಿಂದಿನ ರಸ್ತೆಯಿಂದ, ಇನ್ನೂ ಕಣ್ಣಿಗೆ ಬೀಳದ ಮೊದಲೇ, ಆ ಹಾಡು ಬಂತು. 'ಊಂ... ಞೀಂ.' ತಿರುವಿನಲ್ಲಿ ಕಂಡದ್ದು ಹೊಸ ನೀಲಿ ಬಣ್ಣ ಹೊಡೆಸಿಕೊಂಡ ಸಾಹೇಬರ ವ್ಯಾಗನ್. ನಾಯಿಮರಿಗಳ ಹೆರಿಗೆಮನೆ ಎದ್ದು ಓಡಾಡುತ್ತಿತ್ತು. "ನೋಡಿದಿರಾ, ಸತ್ತ ಆನೆ ಎದ್ದು ಬಂತು! ಉಳಿದದ್ದನ್ನೆಲ್ಲ ಗ್ಯಾರೇಜಿನವನು ಏನೋ ಜೋಡಿಸಿದ" ಎಂದು ಕಿಟಕಿಯಿಂದ ಜನರಿಗೆ ಹೇಳುತ್ತ, ನನ್ನನ್ನು ಕಂಡು, "ಏಯ್ ಮಿಮಿಕ್ರಿ, ಹಿಂದೆ ನೋಡಿ ಹೇಳು" ಎಂದರು.

ನಾನು ಗಾಡಿಯ ಹಿಂದೆ ನಿಂತೆ. ಬೆನ್ನ ಹಿಂದೆ ಭವನದ ಕಲ್ಲಿನ ಗೋಡೆ. ರಾಮ್‌ಧನ್ ದನಿ ತಾನಾಗಿಯೇ ಬಂತು. "ಆನೇ ದೋ ಸಾಬ್‌ಜೀ, ಆನೇ ದೋ." ಎಂಟು ಅಡಿ. "ಆನೇ ದೋ." ಐದು ಅಡಿ. ನಾನು ಪಕ್ಕಕ್ಕೆ ಸರಿದೆ. ಆ ಹೊಸ ಬಾಗಿಲು ಆ ಗೋಡೆಗೆ ಬಡಿದರೆ ಹೇಗಿರುತ್ತದೆಂದು ನನಗೆ ಚೆನ್ನಾಗಿ ಗೊತ್ತಿತ್ತು; ಒಮ್ಮೆ ಮಾಡಿದ ಅನುಭವ ಇತ್ತಲ್ಲ. "ಆನೇ ದೋ." ಮೂರು ಅಡಿ. ಈ ಸಲ 'ಬಸ್' ನಗುವಿನಲ್ಲಿ ಸಿಕ್ಕಿಕೊಂಡಿರಲಿಲ್ಲ. ಹಲ್ಲು ಕಚ್ಚಿ ನಾನೇ ತಡೆದಿದ್ದೆ.

"ಬಸ್!"

ಕೂಗಿದ್ದು ಸುಗುಣಕ್ಕ. ಬ್ರೇಕು ಕಿರುಚಿತು. ಗೋಡೆಗೂ ಗಾಡಿಗೂ ನಡುವೆ ಒಂದು ಗೇಣು. ಅಕ್ಕ ನನ್ನತ್ತ ನೋಡುತ್ತಲೇ, "ಅದರಲ್ಲಿ ನನ್ನ ಸಾಮಾನಿದೆಯಲ್ಲೋ, ಮುಟ್ಠಾಳ" ಎಂದು ಮೆಲ್ಲಗೆ ಹೇಳಿ, ಮುಂದೆ ಹೋಗಿ ಕೈಚೀಲದಿಂದ ಪೇಪರಿನ ಪೊಟ್ಟಣ ತೆಗೆದು, ಬಿಚ್ಚಿ, ಬೊಚ್ಚು ಗೇರನ್ನು ಆ ನೀಲಿ ಬಾನೆಟ್ಟಿನ ಮೇಲೆ ಇಟ್ಟರು. ಟಣ್ ಎಂದಿತು.

"ಇದು ನಿಮ್ಮದು ಸಾರ್. ತಗೊಳ್ಳಿ. ನನ್ನದು ಕೊಡಿ."

ಸಾಹೇಬರು ಗಾಡಿಯಿಂದ ಇಳಿದು ಬಂದು ನಕ್ಕರು. "ಏನಮ್ಮಾ ಇದು? ಕಬ್ಬಿಣಕ್ಕೆ ಹೆಸರು ಬರೆದಿರುತ್ತದೆಯೇ?"

"ಗಿಳಿರಾಯ, ನಮ್ಮ ಗಾಡಿ ಮೇ ತಿಂಗಳವರೆಗೆ ಹೇಗೆ ಹಾಡ್ತಿತ್ತೋ?"

ನಾನು ಹಾಡಿದೆ. ಊಂ... ಞೀಂ. ಅಂಗಳದಲ್ಲಿದ್ದ ಅರ್ಧ ಜನ ಒಂದಲ್ಲ ಒಂದು ದಿನ ಅಕ್ಕನ ಗಾಡಿಯಲ್ಲಿ ಸ್ಟೇಷನ್ನಿಗೋ ಆಸ್ಪತ್ರೆಗೋ ಹೋದವರೇ. ಮೊದಲು ನಕ್ಕರು. ಆಮೇಲೆ, ಈಗಷ್ಟೇ ಅದೇ ಹಾಡು ತಿರುವಿನಿಂದ ಬಂದದ್ದು ನೆನಪಾಗಿ, ಒಬ್ಬೊಬ್ಬರೇ ನಗು ನಿಲ್ಲಿಸಿದರು. ಇಮ್ತಿಯಾಜ್ ಮುಂದೆ ಬಂದು, "ಕವಚದ ಮ್ಯಾಲ ಬೆಸಗಿ ಗೆರಿ ಐತಿ ಸಾರ್. ಬೆಸದವರು ಮಾಯಾಪುರಿದಾಗ ಅದಾರ, ನೀವು ಬಾಗಿಲಾ ತಂದ ಅಂಗಡ್ಯಾಗೇ. ಬಾನೆಟ್ ಎತ್ತಿ ಬಗ್ಗಿ ನೋಡೂನು?" ಎಂದ.

ಸಾಹೇಬರ ಕೈ ಬಾನೆಟ್ಟಿನ ಮೇಲೆ ಬಿಗಿಯಾಯಿತು. ಆಕಾಶವಾಣಿ ನಿಂತುಹೋಗಿ ಅಸಲಿ ದನಿ ಹೊರಗೆ ಬಂತು. ನಾನು ಅದುವರೆಗೆ ಅನುಕರಿಸುತ್ತಿದ್ದುದು ನಕಲಿನ ನಕಲೆಂದು ಆಗಲೇ ಗೊತ್ತಾದದ್ದು. "ನೆನಪಿರಲಿ, ಕ್ವಾರ್ಟರ್ಸಿನಲ್ಲಿ ಮೆಸ್ ಯಾರು ನಡೆಸ್ತಾರೆ, ಬಾಲ್ಕನೀಲಿ ಯಾರನ್ನ ಇಟ್ಕೊಂಡಿದ್ದಾರೆ, ಎಲ್ಲ ನನಗೆ ಗೊತ್ತು. ಒಂದು ಕಾಗದ ಸಾಕು. ದಯೆ ತೋರಿಸಿದ್ದಕ್ಕೆ ಇದಾ? ದಾನದ ಹಸುವಿನ ಹಲ್ಲು ಎಣಿಸೋಕೆ ಬಂದ್ರಲ್ಲ!"

ಮೂಲೆಯಲ್ಲಿ ನಿಂತಿದ್ದ ನಾಗರಾಜ ಭಾವ ಅಂದು ಜೀವಮಾನದಲ್ಲಿ ಮೊದಲ ಬಾರಿಗೆ ಫೈಲಿಲ್ಲದೆ ಎರಡು ಹೆಜ್ಜೆ ಮುಂದೆ ಬಂದು ಹೆಂಡತಿಯ ಪಕ್ಕ ನಿಂತರು. ಅಕ್ಕ ಒಂದೇ ಮಾತು ಹೇಳಿದರು. ಆ ಮಾತಿನ ಮೇಲೆ ಸಾಹೇಬರ ಹೆಂಡತಿಯೇ ಕಾರಿನಿಂದ ಇಳಿದು ಗಂಡನ ಮುಖ ನೋಡದೆ ಭವನದೊಳಕ್ಕೆ ಹೋದರು. ಯಾರೂ ಬಾನೆಟ್ ಎತ್ತಲಿಲ್ಲ, ಎತ್ತುವ ಅಗತ್ಯವೂ ಬೀಳಲಿಲ್ಲ. ಮೂರನೇ ದಿನ ಆ ನೀಲಿ ವ್ಯಾಗನ್ ಮಾಯಾಪುರಿಗೆ ಹೋಯಿತು, ಪಾಜಿ ತಮ್ಮ ಬೆಸುಗೆಯ ಡಬ್ಬವನ್ನು ತಮ್ಮ ಕೈಯಿಂದಲೇ ಅಕ್ಕನ ಗಾಡಿಗೆ ಕೂರಿಸಿದರು. ಕಾಗದವೂ ಬರಲಿಲ್ಲ, ಚೀಟಿಯೂ ಬರಲಿಲ್ಲ. ಅರವತ್ತು ಡಬ್ಬಿ ಮತ್ತೆ ಹೊತ್ತಿಗೆ ಸರಿಯಾಗಿ ಗುಡಗಾಂವ್ ಮುಟ್ಟಿದವು. ನನ್ನ ಸಿಟ್ಟು ಮಾತ್ರ ಇನ್ನೂ ಮುಟ್ಟಬೇಕಾದಲ್ಲಿ ಮುಟ್ಟಿಲ್ಲ. ಅದಕ್ಕೇ ಇಷ್ಟು ಬರೆದೆ. ಬಾನೆಟ್ಟಿನ ಮೇಲಿದ್ದ ಬೊಚ್ಚು ಗೇರನ್ನು ಒಂದು ಬೆರಳಿನಿಂದ ಸಾಹೇಬರ ಕಡೆಗೆ ಉರುಳಿಸುತ್ತ ಅಂದು ಅಕ್ಕ ಹೇಳಿದ್ದು ಇಷ್ಟೇ:

"ದಾನದ ಹಸುವಿನ ಹಲ್ಲು ಎಣಿಸ್ತಿಲ್ಲ ಸ್ವಾಮಿ. ನನ್ನ ಹಸುವಿನ ಹಲ್ಲು ನಿಮ್ಮ ಹಸುವಿನ ಬಾಯಿಗೆ ಹೇಗೆ ಬಂತು ಅಂತ ಕೇಳ್ತಿದ್ದೀನಿ."